ಫೋನಿನಲ್ಲಿ ಖಾಲಿ ಇದ್ದ ಕೋಣೆ: ಮಣಿಪಾಲದ ಒಂದು ಬಾಡಿಗೆ ಮನೆಯ ಪ್ರಕರಣ ಅಧ್ಯಯನ

ಈ ಪ್ರಕರಣದ ಮನೆಯೊಡತಿಯನ್ನು ‘ಕ’ ಎಂದೂ ಕೋಣೆ ಕೇಳಿಕೊಂಡು ಬಂದ ಯುವಕನನ್ನು ‘ಸ’ ಎಂದೂ ಕರೆದಿದ್ದೇವೆ. ವಯಸ್ಸು, ಉದ್ಯೋಗ, ಬೀದಿ, ಊರಿನ ಗುರುತು ಸಿಗದಂತೆ ಬದಲಿಸಿದ್ದೇವೆ. ಹಣದ ಲೆಕ್ಕ, ಆಡಿದ ಮಾತು, ತೀರ್ಮಾನಗಳು ಒಂದರ ಹಿಂದೆ ಒಂದು ಬಂದ ಕ್ರಮ ಇವಿಷ್ಟನ್ನೂ ಇದ್ದ ಹಾಗೆಯೇ ಉಳಿಸಿಕೊಂಡಿದ್ದೇವೆ. ಕಲಿಯಲಿಕ್ಕೆ ಇರುವುದು ಅವುಗಳಲ್ಲೇ.

ಹಿನ್ನೆಲೆ

ಮಣಿಪಾಲದ ಆಸುಪಾಸಿನಲ್ಲಿ ಕೋಣೆ ಬಾಡಿಗೆಗೆ ಕೊಡುವುದು ಎಷ್ಟೋ ಮನೆಗಳಿಗೆ ಪಿಂಚಣಿಯಷ್ಟೇ ಗಟ್ಟಿಯಾದ ಆದಾಯ. ಕ ಅವರದ್ದೂ ಅಂಥದೇ ಮನೆ. ಕೆಳಗೆ ಅವರ ವಾಸ. ಮೇಲಿನ ಮಹಡಿಯಲ್ಲಿ ಬಚ್ಚಲು ಸೇರಿದ ನಾಲ್ಕು ಕೋಣೆ, ಎಲ್ಲರೂ ಹಂಚಿಕೊಂಡು ಬಳಸುವ ಒಂದು ಅಡುಗೆಕೋಣೆ, ಹೊರಗಿನಿಂದ ಮೆಟ್ಟಿಲು. ಕೋಣೆಯೊಂದಕ್ಕೆ ತಿಂಗಳಿಗೆ 6,500 ರೂಪಾಯಿ. ಅವರು ನಿವೃತ್ತ ಶಿಕ್ಷಕಿ, ಲೆಕ್ಕದಲ್ಲಿ ಕಟ್ಟುನಿಟ್ಟು. ಯಾರು ಯಾವತ್ತು ಬಂದರು, ಎಷ್ಟು ಅಡ್ವಾನ್ಸ್ ಕೊಟ್ಟರು, ಬಿಟ್ಟು ಹೋಗುವಾಗ ಯಾವುದಕ್ಕೆ ಎಷ್ಟು ಹಿಡಿದದ್ದು ಎಂಬುದೆಲ್ಲ ಆರು ವರ್ಷಗಳಿಂದ ಒಂದೇ ಪುಸ್ತಕದಲ್ಲಿದೆ. ಆ ಪುಸ್ತಕ ಇಲ್ಲದಿದ್ದರೆ ಇದನ್ನು ಬರೆಯಲು ಆಧಾರವೇ ಇರುತ್ತಿರಲಿಲ್ಲ.

ತಾನು ಜನಾಂಗಭೇದ ಮಾಡುತ್ತೇನೆ ಎಂದು ಅವರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಈಶಾನ್ಯ ರಾಜ್ಯಗಳ ಮೂವರು, ಮಲೇಷ್ಯಾದ ಒಬ್ಬ ವಿದ್ಯಾರ್ಥಿನಿ ಅವರ ಮನೆಯಲ್ಲಿ ಉಳಿದವರೇ. ಮೇಲಾಗಿ ಐರ್ಲೆಂಡಿನಲ್ಲಿರುವ ಮಗನಿಗೆ ಬಾಡಿಗೆ ಮನೆ ಹುಡುಕುವಾಗ ಹೆಸರು ಹೇಳಿದ ಕೂಡಲೇ ‘ಕೊಟ್ಟಾಯಿತು’ ಎಂಬ ಉತ್ತರ ಮೂರು ಕಡೆ ಸಿಕ್ಕಿತ್ತು. ಅದನ್ನು ಅವರು ನೆಂಟರಿಷ್ಟರ ಮುಂದೆ ಸಿಟ್ಟಿನಿಂದಲೇ ಹೇಳುತ್ತಿದ್ದರು. ತಾನು ಉಂಡ ಅನ್ಯಾಯವನ್ನು ನೆನೆದವರು ಇನ್ನೊಬ್ಬರಿಗೆ ಬಡಿಸಲಾರರು ಎಂದು ನಾವು ನಂಬಿಕೊಂಡಿರುತ್ತೇವೆ. ಈ ಮನೆಯಲ್ಲಿ ಆ ನೆನಪು ಬೇರೆಯೇ ಕೆಲಸ ಮಾಡಿತು. ಭೇದ ಎಂಬುದು ಹೊರದೇಶದ ಬಿಳಿಯರು ನಮಗೆ ಮಾಡುವಂಥದ್ದು ಎಂದು ಒಮ್ಮೆ ತೀರ್ಮಾನವಾದ ಮೇಲೆ ಅವರು ಸ್ವಂತ ಜಗಲಿಯ ಕಡೆ ತಿರುಗಿ ನೋಡಿರಲಿಲ್ಲ.

ಏನಾಯಿತು

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಸ ಫೋನ್ ಮಾಡಿದರು. ಕೆಲಸ ಸಿಕ್ಕಿದೆ, ಸೋಮವಾರದಿಂದ ಇರಲು ಜಾಗ ಬೇಕು ಎಂದರು. ಹೆಸರು ನಮ್ಮ ಊರುಗಳಲ್ಲಿ ಎಲ್ಲೂ ಸಿಗುವಂಥದ್ದು, ಮಾತು ಘಟ್ಟದ ಮೇಲಿನ ಕನ್ನಡ. “ರೂಮ್ ಉಂಟು, ಹದಿಮೂರು ಸಾವಿರ ಅಡ್ವಾನ್ಸ್, ಸಂಜೆ ಬಂದು ನೋಡಿ,” ಎಂದು ಕ ಹೇಳಿದರು.

ಸಂಜೆ ಐದಕ್ಕೆ ಗೇಟಿನ ಹತ್ತಿರ ನಿಂತಿದ್ದವರು ಕಪ್ಪು ಮೈಬಣ್ಣ, ಗುಂಗುರು ಕೂದಲಿನ ಯುವಕ. ಕ ಇಂಗ್ಲಿಷಿಗೆ ಹೊರಳಿ ಯಾವ ದೇಶ ಎಂದು ಕೇಳಿದರು. ಉತ್ತರಕ್ಕೆ ಕಾಯದೆ, ಕೋಣೆ ಹೋಗಿಬಿಟ್ಟಿತು ಎಂದರು. ಯುವಕ ಕನ್ನಡದಲ್ಲೇ, “ಆಂಟೀ, ಬೆಳಿಗ್ಗೆ ಫೋನ್ ಮಾಡಿದ್ದು ನಾನೇ. ಯಲ್ಲಾಪುರದ ಬದಿಯವ,” ಎಂದರು. ಮಾತು ಹಿಂದೆ ಪಡೆಯಲು ಅಲ್ಲೊಂದು ಗಳಿಗೆ ಇತ್ತು. ಕ ಅದನ್ನು ಬಳಸಿಕೊಳ್ಳಲಿಲ್ಲ. “ಈಗಷ್ಟೇ ಒಬ್ಬರು ಬಂದು ಅಡ್ವಾನ್ಸ್ ಕೊಟ್ಟು ಹೋದರು,” ಎಂದು ಸುಳ್ಳನ್ನು ಇನ್ನಷ್ಟು ಗಟ್ಟಿ ಮಾಡಿದರು.

ಸ ಸಿದ್ದಿ ಸಮುದಾಯದವರು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದ ಪೂರ್ವ ಕರಾವಳಿಯಿಂದ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಸಂತತಿ ಇವರಲ್ಲಿ ಬಹುಪಾಲು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ತಲೆತಲಾಂತರದಿಂದ ಇದ್ದಾರೆ. ಕನ್ನಡ, ಕೊಂಕಣಿ ಆಡುತ್ತಾರೆ. ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇವರಲ್ಲಿದ್ದಾರೆ. ಉತ್ತರ ಕನ್ನಡದ ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಉಡುಪಿಗೆ ಅದು ನೆರೆಯ ಜಿಲ್ಲೆ.

ಈ ಪ್ರಕರಣ ನಮಗೆ ಮುಖ್ಯವೆನಿಸಿದ್ದು ಇದೇ ಕಾರಣಕ್ಕೆ. ಸಾಮಾನ್ಯವಾಗಿ ಬಾಡಿಗೆ ನಿರಾಕರಣೆಯಲ್ಲಿ ಭಾಷೆ, ಊಟ, ಕಾಗದಪತ್ರ, ದೂರದ ಊರು ಎಲ್ಲವೂ ಕಲಸಿಹೋಗಿರುತ್ತವೆ. ಯಾವುದು ನಿಜವಾದ ಕಾರಣ ಎಂದು ಬಿಡಿಸುವುದು ಕಷ್ಟ. ಇಲ್ಲಿ ಬೆಳಿಗ್ಗೆಗೂ ಸಂಜೆಗೂ ನಡುವೆ ಭಾಷೆ ಬದಲಾಗಿರಲಿಲ್ಲ, ಸಂಬಳ ಬದಲಾಗಿರಲಿಲ್ಲ, ಆಧಾರ್ ಕಾರ್ಡು ಬದಲಾಗಿರಲಿಲ್ಲ. ಹೊಸದಾಗಿ ಸೇರಿದ್ದು ಮುಖ ಒಂದೇ.

ತಪ್ಪಾದ ಮೊದಲ ತಿದ್ದುಪಡಿ

ಎರಡು ರಾತ್ರಿ ನಿದ್ದೆ ಬಾರದೆ ಸೋಮವಾರ ಕ ತಾವಾಗಿಯೇ ಫೋನ್ ಮಾಡಿದರು. “ನೀವು ನಮ್ಮ ಉತ್ತರ ಕನ್ನಡದವರು ಅಂತ ಗೊತ್ತಾಗಲಿಲ್ಲ, ತಪ್ಪು ತಿಳಿಯಬೇಡಿ, ರೂಮ್ ಉಂಟು,” ಎಂದರು. ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: “ಬೇರೆ ದೇಶದವನೇ ಆಗಿದ್ದರೆ ಸರಿಯಾಗ್ತಿತ್ತಾ ಆಂಟೀ?” ಬೇರೆ ಕಡೆ ಜಾಗ ಸಿಕ್ಕಿದೆ ಎಂದು ಹೇಳಿ ಸ ಫೋನ್ ಇಟ್ಟರು.

ಒಂದು ವಾರ ಕ ಇದನ್ನು ಅಧಿಕಪ್ರಸಂಗ ಎಂದೇ ಭಾವಿಸಿದ್ದರು. ಕ್ಷಮೆ ಕೇಳಿದವರ ಮೇಲೆ ಹೀಗೆ ಎಗರಬಹುದೇ? ಪರಿಚಯದ ಒಬ್ಬ ಆಪ್ತಸಮಾಲೋಚಕಿಯ ಬಳಿ ಅವರು ಹೋದದ್ದೂ ಈ ದೂರು ಹೇಳಿಕೊಳ್ಳಲಿಕ್ಕೆ. ಅಲ್ಲಿ ಅವರ ಕ್ಷಮೆಯ ಮಾತನ್ನೇ ಒಂದು ಹಾಳೆಯಲ್ಲಿ ಬರೆಸಿ, ಅದರಿಂದ ಏನು ಹೊರಡುತ್ತದೆ ನೋಡಿ ಎಂದರು. ‘ನಮ್ಮವರೆಂದು ಗೊತ್ತಿದ್ದರೆ ಕೊಡುತ್ತಿದ್ದೆ’ ಎಂಬ ಮಾತಿನ ಬೆನ್ನಿಗೇ ‘ನಮ್ಮವರಲ್ಲದಿದ್ದರೆ ಸುಳ್ಳು ಹೇಳಿ ಕಳಿಸಬಹುದು’ ಎಂಬುದು ಅಂಟಿಕೊಂಡಿದೆ. ಅಂದರೆ ಬೇಲಿ ಮುರಿದಿರಲಿಲ್ಲ. ಒಬ್ಬರನ್ನು ಒಳಗೆ ಕರೆದುಕೊಳ್ಳಲು ಅದನ್ನು ಸ್ವಲ್ಪ ಆಚೆ ಸರಿಸಿದ್ದರು, ಅಷ್ಟೆ. ಪ್ರಕರಣದ ದೊಡ್ಡ ತಿರುವು ನಮ್ಮ ಪ್ರಕಾರ ಇದು, ಗೇಟಿನ ಬಳಿಯ ಸಂಜೆಯಲ್ಲ. ತಪ್ಪು ಮಾಡಿದ್ದು ಅವರಿಗೆ ಆಗಲೇ ಗೊತ್ತಿತ್ತು. ಯಾವ ತಪ್ಪು ಎಂಬುದು ತಿಳಿದದ್ದು ಇಲ್ಲಿ.

ಫಲ ಕೊಡದ ಎರಡು ದಾರಿ

ಮೊದಲಿಗೆ ಅವರು ಮಗನ ಸಲಹೆಯಂತೆ ಅಂತರ್ಜಾಲದಲ್ಲಿ ಸಿಗುವ ಅಪ್ರಜ್ಞಾಪೂರ್ವಕ ಪೂರ್ವಗ್ರಹದ ಪರೀಕ್ಷೆ ತೆಗೆದುಕೊಂಡರು. 1998ರಿಂದ ಬಳಕೆಯಲ್ಲಿರುವ ಈ ಪರೀಕ್ಷೆ ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಎಷ್ಟು ಬೇಗ ಜೋಡಿಸುತ್ತೇವೆ ಎಂದು ಅಳೆಯುತ್ತದೆ. ಮೊದಲ ಸಲ ‘ಮಧ್ಯಮ’ ಎಂದು ಬಂತು, ಹತ್ತು ದಿನ ಬಿಟ್ಟು ಮಾಡಿದಾಗ ‘ಅಲ್ಪ’ ಎಂದು. ಸುಧಾರಿಸಿದೆ ಎಂದು ಅವರಿಗೆ ಸಮಾಧಾನ. ಆದರೆ ಒಬ್ಬರದೇ ಅಂಕ ಒಂದು ಸಲದಿಂದ ಇನ್ನೊಂದು ಸಲಕ್ಕೆ ಏರಿಳಿಯುವುದು ಈ ಪರೀಕ್ಷೆಯ ಗೊತ್ತಿರುವ ಮಿತಿ. ಒಬ್ಬ ವ್ಯಕ್ತಿಯ ನಡತೆಯನ್ನು ಅದರಿಂದ ಹೇಳಲಾಗದು. ಜ್ವರ ನೋಡುವ ಥರ್ಮಾಮೀಟರಿನಂತೆ ಅದನ್ನು ಬಳಸಬಾರದು.

ಎರಡನೆಯದು, ‘ಇನ್ನು ಬಣ್ಣ ನೋಡುವುದಿಲ್ಲ, ಎಲ್ಲರೂ ಒಂದೇ’ ಎಂಬ ಸಂಕಲ್ಪ. ಕೇಳಲಿಕ್ಕೆ ಒಳ್ಳೆಯದು. ಜೂನಿನಲ್ಲಿ ಮಿಜೋರಾಮಿನ ಒಬ್ಬ ಯುವತಿ ಕೋಣೆ ನೋಡಲು ಬಂದಾಗ ಅದು ಹೇಗೆ ಹೊರಬಂತೆಂದರೆ, ಕ ಅವರನ್ನು ಕೂರಿಸಿ ಚಹಾ, ಚಕ್ಕುಲಿ ಕೊಟ್ಟು, ನಿಮ್ಮ ಕಡೆಯವರಿಗೆ ಸಂಗೀತ ಹುಟ್ಟಿನಿಂದಲೇ ಬರುತ್ತದಂತೆ ಎಂದು ಹೊಗಳಿ, ಭಾರತಕ್ಕೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದರು. ಆಕೆ ಮತ್ತೆ ಬರಲಿಲ್ಲ. ತಿರಸ್ಕಾರ ಹೋಗಿ ಸತ್ಕಾರ ಬಂದಿತ್ತು, ಎದುರಿಗಿದ್ದವರು ಮಾತ್ರ ಆಗಲೂ ಒಬ್ಬ ವ್ಯಕ್ತಿಯಾಗಿರಲಿಲ್ಲ, ‘ಆ ಕಡೆಯವರು’ ಆಗಿಯೇ ಇದ್ದರು.

ಪುಸ್ತಕ ತೆರೆದಾಗ

ಮೂರನೆಯ ಭೇಟಿಯಲ್ಲಿ ಸಮಾಲೋಚಕಿ ಮನಸ್ಸನ್ನು ಕೆದಕುವುದು ಬಿಟ್ಟು ಬಾಡಿಗೆ ಪುಸ್ತಕ ತರಲು ಹೇಳಿದರು. ಪೂರ್ವಗ್ರಹವನ್ನು ಒಳಗೆ ಹುಡುಕಿದರೆ ಸಿಗುವುದು ಸಮರ್ಥನೆಯೇ. ಮಾಡಿದ ತೀರ್ಮಾನಗಳ ಸಾಲಿನಲ್ಲಿ ಹುಡುಕಿದರೆ ಅದು ತಾನಾಗಿ ಎದ್ದು ನಿಲ್ಲುತ್ತದೆ.

ಆರು ವರ್ಷಗಳಲ್ಲಿ 31 ಬಾಡಿಗೆದಾರರು. ಕರ್ನಾಟಕ, ಕೇರಳ, ಗೋವಾದವರು 22, ಉತ್ತರ ಭಾರತದವರು 5, ಈಶಾನ್ಯದವರು 3, ವಿದೇಶದವರು 1. ಮೊದಲ ಗುಂಪಿನ ಎಲ್ಲರಿಂದ ಎರಡು ತಿಂಗಳ ಅಡ್ವಾನ್ಸ್, 13,000. ಈಶಾನ್ಯದ ಮೂವರಿಂದಲೂ ಮೂರು ತಿಂಗಳದ್ದು, 19,500. ಮಲೇಷ್ಯಾದವರಿಂದ ನಾಲ್ಕು ತಿಂಗಳದ್ದು, 26,000. ಬಿಟ್ಟು ಹೋಗುವಾಗ ಪೈಂಟಿನ ಹೆಸರಲ್ಲಿ ಹಣ ಹಿಡಿದದ್ದು ಮೊದಲ ಗುಂಪಿನಲ್ಲಿ ಆರು ಮಂದಿಗೆ. ಈಶಾನ್ಯದವರಲ್ಲಿ ಆಗಲೇ ಬಿಟ್ಟು ಹೋಗಿದ್ದ ಇಬ್ಬರಿಗೂ ತಲಾ 2,000 ಹಿಡಿದಿದ್ದರು.

ಇಬ್ಬರು ಮೂವರನ್ನು ಹಿಡಿದು ಅಂಕಿಅಂಶ ಸಾಧಿಸಲಾಗದು, ಸಾಧಿಸಲು ಹೋಗಲೂಬಾರದು. ಆದ್ದರಿಂದ ಶೇಕಡಾ ಲೆಕ್ಕ ಬಿಟ್ಟು ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಹಾಕಿದರು: ಇಲ್ಲಿ ಜಾಸ್ತಿ ಕೇಳಿದ್ದು ಯಾಕೆ? ಕ ಕೊಟ್ಟ ಕಾರಣಗಳನ್ನು ಬರೆದುಕೊಂಡು ಒಂದೊಂದಾಗಿ ಪರೀಕ್ಷಿಸಿದರು. ಪ್ರತಿಯೊಂದರಲ್ಲೂ ಅರ್ಧ ಸತ್ಯವಿತ್ತು. ಇಷ್ಟು ವರ್ಷ ಅವು ಬಾಳಿಕೆ ಬಂದದ್ದೇ ಆ ಅರ್ಧದ ಬಲದಿಂದ.

ಪೊಲೀಸ್ ಕಾಗದದ ತಾಪತ್ರಯ ಎಂಬುದು ಒಂದು. ವಿದೇಶೀಯರಿಗೆ ಜಾಗ ಕೊಟ್ಟವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು (ಆಗ ಅದಕ್ಕೆ ಇದ್ದದ್ದು ಸಿ ಫಾರ್ಮ್ ಎಂಬ ನಮೂನೆ), ನಿಜ. ಪಾಸ್‌ಪೋರ್ಟ್, ವೀಸಾ ವಿವರ, ಫೋಟೊ ಇದ್ದರೆ ಆನ್‌ಲೈನಿನಲ್ಲೇ ಆಗುತ್ತದೆ. ಆದರೆ ಅದು ವಿದೇಶೀಯರಿಗೆ. ಕ ನಾಗಾಲ್ಯಾಂಡಿನ ಬಾಡಿಗೆದಾರರಿಂದಲೂ ಪಾಸ್‌ಪೋರ್ಟ್ ಕೇಳಿದ್ದರು. ‘ಅವರಿಗೆ ಪರ್ಮಿಟ್ ಬೇಕಲ್ಲ’ ಎಂಬುದು ಅವರ ತಿಳಿವಳಿಕೆ. ಇನ್ನರ್ ಲೈನ್ ಪರ್ಮಿಟ್ ಬೇಕಾಗುವುದು ಹೊರರಾಜ್ಯದ ನಾವು ನಾಗಾಲ್ಯಾಂಡ್, ಮಿಜೋರಾಮ್, ಅರುಣಾಚಲ, ಮಣಿಪುರಗಳಿಗೆ ಹೋಗುವಾಗ. ಅಲ್ಲಿಯವರು ಉಡುಪಿಗೆ ಬರಲು ಯಾವ ಪರ್ಮಿಟ್ಟೂ ಬೇಡ.

ಹೇಳದೆ ಕೇಳದೆ ಬಿಟ್ಟು ಹೋಗುತ್ತಾರೆ ಎಂಬುದು ಇನ್ನೊಂದು. ಪುಸ್ತಕದಲ್ಲಿ ಹಾಗೆ ಹೋದವರು ಇಬ್ಬರಿದ್ದರು. ಇಬ್ಬರೂ ಮೊದಲ ಗುಂಪಿನವರು.

ಮೂರನೆಯದು ಅಡುಗೆಯ ವಾಸನೆ. ಇದರ ಮೇಲೆ ಹೆಚ್ಚು ಹೊತ್ತು ಹೋಯಿತು, ಹೋಗಬೇಕಾದದ್ದೇ. ಯಾಕೆಂದರೆ ವಾಸನೆ ಮೂಗಿಗೆ ನಿಜವಾಗಿಯೂ ಬರುತ್ತದೆ, ಅದನ್ನು ಕಲ್ಪನೆ ಎಂದು ತಳ್ಳಿಹಾಕಲಾಗದು. ಕ ಅವರ ಫೋನಿನಲ್ಲಿ ಹಳೆಯ ವಾಟ್ಸಾಪ್ ಸಂದೇಶಗಳಿದ್ದವು. ಹುಳಿ ಬರಿಸಿದ ಬಿದಿರ ಮೊಳಕೆ ಬೇಯಿಸಿದ್ದಕ್ಕೆ ಈಶಾನ್ಯದ ಒಬ್ಬರಿಗೆ ಒಂದೇ ಮಳೆಗಾಲದಲ್ಲಿ ನಾಲ್ಕು ಸಂದೇಶ. ಅದೇ ತಿಂಗಳುಗಳಲ್ಲಿ ಪಕ್ಕದ ಕೋಣೆಯ ಕುಂದಾಪುರದ ಹುಡುಗರು ಒಣಮೀನು ಸುಟ್ಟಿದ್ದಕ್ಕೆ ಒಂದೂ ಇಲ್ಲ. ಮೂರು ದಿನ ನೀರು ಬದಲಿಸುತ್ತ ಕೆಳಗಿನ ಬಚ್ಚಲಲ್ಲಿ ಕಣಿಲೆ ನೆನೆಹಾಕುತ್ತಿದ್ದವರು ಸ್ವತಃ ಕ. ಅದೂ ಬಿದಿರ ಮೊಳಕೆಯೇ. ನಮ್ಮ ಮನೆಯ ವಾಸನೆ ‘ಮಳೆಗಾಲದ್ದು’, ಅವರದ್ದು ‘ಅವರದ್ದು’. ಈ ಸಾಲುಗಳನ್ನು ಅಕ್ಕಪಕ್ಕ ಇಟ್ಟಾಗ ಕ ಬಹಳ ಹೊತ್ತು ಮಾತಾಡಲಿಲ್ಲ.

ಕೊನೆಗೆ ಉಳಿದದ್ದು ಕೂದಲು, ಬಣ್ಣ ಕಂಡಾಗ ಒಳಗೆ ಎದ್ದ ಭಯ. ಅದಕ್ಕೆ ಪುಸ್ತಕದಲ್ಲಿ ಯಾವ ಆಧಾರವೂ ಇರಲಿಲ್ಲ. ಅದು ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಿಲ್ಲ. ಆಫ್ರಿಕಾ ಮೂಲದವರನ್ನು ಹೀಗಳೆಯುವ ‘ಖಾಪ್ರಿ’ ಎಂಬ ಪದವನ್ನು ಬೈಗುಳವಾಗಿ ಕೇಳುತ್ತಲೇ ಕರಾವಳಿಯ ಎಷ್ಟೋ ಮಕ್ಕಳು ಬೆಳೆಯುತ್ತಾರೆ. ಇದೇ ನೆಲದಲ್ಲಿ ಕೊರಗ ಸಮುದಾಯದ ಮೇಲೆ ಹೇರಿದ್ದ, ಅವರನ್ನು ಕೀಳೆಂದು ಕಂಡು ಹೀನ ಚಾಕರಿಗೆ ದೂಡುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಪ್ರತ್ಯೇಕ ಕಾಯಿದೆಯೇ ಬೇಕಾಯಿತು. ಮೈಬಣ್ಣ, ಕೂದಲು ನೋಡಿ ಮನುಷ್ಯರನ್ನು ಅಳೆಯುವುದನ್ನು ನಾವು ಯಾವ ಪರದೇಶದಿಂದಲೂ ಆಮದು ಮಾಡಿಕೊಂಡಿಲ್ಲ.

ಮುಖ ನೋಡುವ ಮೊದಲೇ ಮಾಡುವ ತೀರ್ಮಾನ

ಭಯವನ್ನು ಒಂದು ದಿನದಲ್ಲಿ ಕಿತ್ತೆಸೆಯಲಾಗದು. ಆದರೆ ಅದು ಕೈಗೆ ಇಳಿಯುವ ದಾರಿಗಳನ್ನು ಮುಚ್ಚಬಹುದು. ಕ ಒಂದು ಹಾಳೆಯಲ್ಲಿ ನಿಯಮ ಬರೆದು ಫೋನಿನ ಪಕ್ಕದ ಗೋಡೆಗೆ ಅಂಟಿಸಿದರು. ಬಾಡಿಗೆ 6,500, ಅಡ್ವಾನ್ಸ್ ಎಲ್ಲರಿಗೂ ಎರಡು ತಿಂಗಳು, ಕರಾರು 11 ತಿಂಗಳಿಗೆ. ಗುರುತಿಗೆ ಆಧಾರ್, ವಿದೇಶೀಯರಾದರೆ ಪಾಸ್‌ಪೋರ್ಟ್; ಜೊತೆಗೆ ಕೆಲಸದ ಅಥವಾ ಕಾಲೇಜಿನ ಒಂದು ಪತ್ರ. ಕೋಣೆ ನೋಡಿದವರಿಗೆ 1,000 ರೂಪಾಯಿ ಟೋಕನ್ ಕೊಡಲು 24 ಗಂಟೆ ಸಮಯ, ಮೊದಲು ಕೊಟ್ಟವರಿಗೆ ಕೋಣೆ. ಸೇರುವ ದಿನ ಗೋಡೆ, ನಲ್ಲಿ, ಕಿಟಕಿ, ಮಂಚದ 12 ಫೋಟೊ ತೆಗೆದು ಬಾಡಿಗೆದಾರರಿಗೂ ಕಳಿಸುವುದು. ಬಿಡುವ ದಿನ ಆ ಫೋಟೊಗಳಲ್ಲಿಲ್ಲದ ಹಾನಿ ಕಂಡರೆ ಮಾತ್ರ ಹಣ ಹಿಡಿಯುವುದು. ಎಲ್ಲರಿಗೂ ಮೊದಲು ಕನ್ನಡದಲ್ಲೇ ಮಾತು, ಅವರಿಗೆ ಬಾರದಿದ್ದರೆ ಅವರೇ ಹೇಳಲಿ.

ಮೊದಲ ಕರಡಿನಲ್ಲಿ ಕೊನೆಗೆ ಇನ್ನೊಂದು ಸಾಲಿತ್ತು: ‘ಉಳಿದದ್ದು ಪರಿಸ್ಥಿತಿ ನೋಡಿಕೊಂಡು.’ ಇಂಥ ಹಾಳೆ ಮಾಡುವವರು ಎಚ್ಚರ ವಹಿಸಬೇಕಾದ್ದು ಇಲ್ಲಿಯೇ. ಉಳಿದ ನಿಯಮಗಳು ಎಷ್ಟೇ ಬಿಗಿಯಾಗಿದ್ದರೂ ಇಡೀ ಪೂರ್ವಗ್ರಹ ಆ ಒಂದು ಸಾಲಿನ ಸಂದಿಯಿಂದ ವಾಪಸ್ ಬರುತ್ತದೆ. ಅದನ್ನು ಹೊಡೆದುಹಾಕಿದರು.

ಹಾಳೆಯ ಜೊತೆಗೆ ಒಂದು ರಿಜಿಸ್ಟರ್ ಬಂತು. ಕ್ರಮಸಂಖ್ಯೆ, ದಿನ, ವೇಳೆ, ಅವರು ಕೇಳಿದ್ದು, ನಾನು ಹೇಳಿದ್ದು, ಕೊನೆಗೆ ಆದದ್ದು. ಹೆಸರಿಗೆ ಜಾಗವಿಲ್ಲ. ದನಿ ಕೇಳಿಯೇ ಊರು ಗೊತ್ತಾಗುವುದರಿಂದ ಹೆಸರು ಬಿಟ್ಟರೆ ಸಾಕಾಗುವುದಿಲ್ಲ, ಒಪ್ಪುತ್ತೇವೆ. ಕೆಲಸ ಮಾಡುವುದು ‘ನಾನು ಹೇಳಿದ್ದು’ ಎಂಬ ಕಾಲಂ. ದೂರಿನ ಸಂದೇಶಗಳಿಗೆ ಬೇರೆ ಕ್ರಮ: ಬರೆದ ಮೇಲೆ 20 ನಿಮಿಷ ಕಳಿಸುವಂತಿಲ್ಲ, ಆ ಹೊತ್ತಿನಲ್ಲಿ ಹೆಸರು ಬದಲಿಸಿ ಓದಬೇಕು. ಇದನ್ನೇ ಕುಂದಾಪುರದ ಹುಡುಗನಿಗೆ ಕಳಿಸುತ್ತಿದ್ದೆನೇ? ಇಲ್ಲವಾದರೆ ಅಳಿಸಬೇಕು, ಹೌದಾದರೆ ಎಲ್ಲರಿರುವ ಗುಂಪಿಗೇ ಹಾಕಬೇಕು. ಅಡುಗೆಕೋಣೆಗೆ 1,800 ರೂಪಾಯಿಯ ಎಕ್ಸಾಸ್ಟ್ ಫ್ಯಾನ್ ಕೂರಿಸಿದ ಮೇಲೆ ವಾಸನೆಯ ಸಂದೇಶ ಬರೆಯುವ ಸಂದರ್ಭವೇ ಕಡಿಮೆಯಾಯಿತು. ಸಂಸ್ಕೃತಿಯ ತಕರಾರು ಎನಿಸಿದ್ದು ಎಷ್ಟೋ ಸಲ ಗಾಳಿ ಆಡದ ಕೋಣೆಯ ತಕರಾರು.

ಯೋಚಿಸಿರದ ತೊಡಕು ಬ್ರೋಕರಿನದ್ದು. ಒಂದು ತಿಂಗಳ ಬಾಡಿಗೆ ಕಮಿಷನ್ ಪಡೆಯುವ ಅವರು ಬಹಳ ಕಾಲದಿಂದ ಕೆಲವರನ್ನು ಈ ಮನೆಯ ಹತ್ತಿರವೇ ಕರೆತರುತ್ತಿರಲಿಲ್ಲ. ಕೇಳಿದಾಗ, “ಒಳ್ಳೆ ಮನೆಯ ಮಕ್ಕಳು ಮಾತ್ರ ಸಾಕು ಅಂತ ನೀವೇ ಹೇಳಿದ್ದಲ್ವಾ ಟೀಚರೇ?” ಎಂದರು. ಕ ಹಾಗೆ ಹೇಳಿದ್ದು ನಿಜ. ಬಣ್ಣದ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ, ಇಬ್ಬರಿಗೂ ಅರ್ಥವಾಗಿತ್ತು. ಹಾಳೆಯ ಪ್ರತಿ ಕೊಟ್ಟು, ಇದರ ಪ್ರಕಾರ ಯಾರಿದ್ದರೂ ಕಳಿಸಿ ಎಂದು ಬಿಡಿಸಿ ಹೇಳಬೇಕಾಯಿತು. ಎದುರು ಮನೆಯವರು ಕೇಳಿದರೆ ನನ್ನನ್ನು ಎಳೆಯಬೇಡಿ ಎಂದ ಬ್ರೋಕರ್ ಎರಡು ತಿಂಗಳ ನಂತರ ಬರುವುದನ್ನೇ ನಿಲ್ಲಿಸಿದರು. ಕ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಚೀಟಿ ಹಾಕಿಸಿ ಕೆಲಸ ಸಾಗಿಸಿದರು.

ಇದೆಲ್ಲ ಸ್ವಂತ ಇಚ್ಛೆಯ ಮೇಲೆ ನಿಂತದ್ದು ಎಂಬುದನ್ನು ಮರೆಯಬಾರದು. ಸಂವಿಧಾನದ 15ನೇ ವಿಧಿ ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳದ ಕಾರಣಕ್ಕೆ ಭೇದ ಮಾಡಬಾರದು ಎನ್ನುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆಗಳಿಗೆ ಪ್ರವೇಶ ತಡೆಯುವುದನ್ನೂ ಹೆಸರಿಸಿಯೇ ನಿಷೇಧಿಸುತ್ತದೆ. ಆ ಪಟ್ಟಿಯಲ್ಲಿ ಖಾಸಗಿ ಬಾಡಿಗೆ ಮನೆ ಇಲ್ಲ. ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿ ನಿಡೋ ತಾನಿಯಾ ಹಲ್ಲೆಗೊಳಗಾಗಿ ಸತ್ತ ಮೇಲೆ, 2014ರಲ್ಲಿ, ಕೇಂದ್ರ ನೇಮಿಸಿದ ಬೆಜ್‌ಬರುವಾ ಸಮಿತಿ ಈಶಾನ್ಯದವರು ಮಹಾನಗರಗಳಲ್ಲಿ ಎದುರಿಸುವ ತೊಂದರೆಗಳನ್ನು ಪರಿಶೀಲಿಸಿ ಅದೇ ವರ್ಷ ವರದಿ ಕೊಟ್ಟಿತು. ಸಮಿತಿಗಳ ಕೆಲಸ ಬೇಕು. ಆದರೆ ಗೇಟಿನ ಬಳಿ ಹೇಳುವ ‘ಈಗಷ್ಟೇ ಹೋಯಿತು’ ಎಂಬ ಮಾತಿನವರೆಗೆ ಯಾವ ಸಮಿತಿಯ ಕೈಯೂ ಚಾಚುವುದಿಲ್ಲ.

ಎಂಟು ತಿಂಗಳಾದ ಮೇಲೆ

ಈ ಅವಧಿಯಲ್ಲಿ ಮೂರು ಸಲ ಕೋಣೆ ಖಾಲಿಯಾಯಿತು, ರಿಜಿಸ್ಟರಿನಲ್ಲಿ 14 ವಿಚಾರಣೆ ಬಂತು. ಒಂದು ಕೋಣೆ ಕಾಸರಗೋಡಿನವರಿಗೆ, ಒಂದು ಮಣಿಪುರದ ಒಬ್ಬ ನರ್ಸ್‌ಗೆ, ಒಂದು ಘಾನಾದ ಸ್ನಾತಕೋತ್ತರ ವಿದ್ಯಾರ್ಥಿಗೆ ಹೋಯಿತು. ಘಾನಾದವರ ವಿಷಯದಲ್ಲಿ ಹಳೆಯ ಅಭ್ಯಾಸ ಇನ್ನೊಂದು ವೇಷದಲ್ಲಿ ಬಂತು. ಬಾಡಿಗೆ, ಅಡ್ವಾನ್ಸ್ ಎಲ್ಲ ಹಾಳೆಯ ಪ್ರಕಾರವೇ ಹೇಳಿದ್ದ ಕ, ಟೋಕನ್ ಮಾತ್ರ “ಇವತ್ತು ಸಂಜೆಯೊಳಗೆ” ಎಂದುಬಿಟ್ಟಿದ್ದರು. ರಿಜಿಸ್ಟರಿನಲ್ಲಿ ಬರೆಯುವಾಗ ಮೇಲಿನ ಸಾಲುಗಳಲ್ಲೆಲ್ಲ 24 ಗಂಟೆ ಎಂದಿರುವುದು ಕಣ್ಣಿಗೆ ಬಿತ್ತು. ಕೂಡಲೇ, ನಾಳೆ ಇದೇ ಹೊತ್ತಿನವರೆಗೆ ಸಮಯವಿದೆ ಎಂದು ಸಂದೇಶ ಕಳಿಸಿದರು. ರೂಪಾಯಿಯ ಬಾಗಿಲು ಮುಚ್ಚಿದ್ದಕ್ಕೆ ಪೂರ್ವಗ್ರಹ ಗಂಟೆಯ ಬಾಗಿಲಿನಿಂದ ಬಂದಿತ್ತು. ಸಿ ಫಾರ್ಮ್ ಅದೇ ರಾತ್ರಿ ಮುಗಿಯಿತು.

ಆಗಲೂ ಮನೆಯಲ್ಲಿದ್ದ ಮೇಘಾಲಯದ ಬಾಡಿಗೆದಾರರಿಗೆ ಜಾಸ್ತಿ ಪಡೆದಿದ್ದ 6,500 ವಾಪಸ್ ಕೊಟ್ಟರು. ಏನು ಹೇಳಬೇಕೆಂದು ಮೊದಲೇ ಬರೆದಿಟ್ಟುಕೊಂಡಿದ್ದರು: “ನಿಮ್ಮಿಂದ ಬೇರೆಯವರಿಗಿಂತ ಜಾಸ್ತಿ ತಗೊಂಡಿದ್ದೆ, ಅದು ತಪ್ಪು.” ಕಾರಣ ಸೇರಿಸಲಿಲ್ಲ, ಕ್ಷಮಿಸಿ ಎಂದು ಒತ್ತಾಯಿಸಲೂ ಇಲ್ಲ. ಪೈಂಟಿಗೆಂದು ಹಿಡಿದಿದ್ದ ಹಣದಲ್ಲಿ ಒಬ್ಬರದ್ದು 2,000 ತಲುಪಿತು, ಇನ್ನೊಬ್ಬರ ನಂಬರ್ ಚಾಲ್ತಿಯಲ್ಲಿಲ್ಲ. ಹಣ ಕೊಟ್ಟ ಮರುವಾರ ಮೇಘಾಲಯದವರು ಬಚ್ಚಲಿನ ನಲ್ಲಿ ಸೋರುತ್ತಿದೆ ಎಂದು ಮೊದಲ ಸಲ ದೂರು ಕೊಟ್ಟರು. ವಿಚಾರಿಸಿದರೆ ಅದು ಸೋರಲು ಶುರುವಾಗಿ ಐದು ತಿಂಗಳಾಗಿತ್ತು. ಯಾವ ಪರೀಕ್ಷೆಯ ಅಂಕಕ್ಕಿಂತಲೂ ಈ ದೂರು ಒಳ್ಳೆಯ ಅಳತೆ ಎಂದು ನಾವು ಭಾವಿಸುತ್ತೇವೆ. ಯಾರು ನಮ್ಮ ಬಳಿ ದೂರು ಹೇಳಲು ಹೆದರುತ್ತಾರೆ ಎಂಬುದನ್ನು ನೋಡಿಕೊಂಡರೆ ನಾವು ಯಾರಿಗೆ ಏನಾಗಿದ್ದೇವೆ ಎಂದು ತಿಳಿಯುತ್ತದೆ.

ಎಲ್ಲವೂ ಸರಿಹೋಗಿಲ್ಲ. ಎದುರು ಮನೆಯವರು ಕ ಜೊತೆ ಮಾತು ಬಿಟ್ಟಿದ್ದಾರೆ. ರಾತ್ರಿ ಮೆಟ್ಟಿಲಿನಲ್ಲಿ ಘಾನಾದ ವಿದ್ಯಾರ್ಥಿಯ ಹೆಜ್ಜೆ ಸಪ್ಪಳ ಕೇಳಿದರೆ ಎದೆ ಒಮ್ಮೆ ಹಾರುತ್ತದೆ ಎಂದು ಕ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಬ್ರೋಕರ್ ಕರೆತರದೆ ಹೋದವರು ಎಷ್ಟು ಮಂದಿ ಎಂಬುದು ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಸ ಅವರಿಗೆ ಕ ಮತ್ತೆ ಫೋನ್ ಮಾಡಲಿಲ್ಲ. ಇನ್ನೊಮ್ಮೆ ಮಾಡಿದರೆ ಅದು ತನ್ನ ನೆಮ್ಮದಿಗೆ, ಅವರ ಒಳಿತಿಗಲ್ಲ ಎಂದು ಐದನೆಯ ಭೇಟಿಯಲ್ಲಿ ಅವರೇ ತೀರ್ಮಾನಿಸಿದರು. ರಿಜಿಸ್ಟರ್ ಶುರುವಾದದ್ದು ಜುಲೈಯಲ್ಲಾದರೂ ಅದರ ಮೊದಲ ಸಾಲು ಮೇ ತಿಂಗಳಿನದ್ದು. ‘ನಾನು ಹೇಳಿದ್ದು’ ಎಂಬಲ್ಲಿ: ಬೆಳಿಗ್ಗೆ ಉಂಟು, ಸಂಜೆ ಇಲ್ಲ. ‘ಕೊನೆಗೆ ಆದದ್ದು’ ಎಂಬಲ್ಲಿ: ಸುಳ್ಳು ಹೇಳಿ ಕಳಿಸಿದ್ದು, ಕೋಣೆ 23 ದಿನ ಖಾಲಿ.